ರಾತ್ರಿ ಹನ್ನೆರಡರ ಮೇಲೆ ನೀರೂ ಬೇಡ: ಈ ಮಾತು ಇನ್ನೂ ಯಾಕೆ ಉಳಿದಿದೆ?

ಕಳೆದ ವರ್ಷ ನಮ್ಮ ಚಿಕ್ಕಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಹಿಂದಿನ ದಿನ ಸಂಜೆಯೇ ಅಡ್ಮಿಟ್ ಮಾಡಿಕೊಂಡರು. ಏಳೂವರೆಗೆ ಎರಡು ಚಪಾತಿ, ಒಂದಿಷ್ಟು ಮೊಸರನ್ನ ತಿಂದರು. ಹತ್ತು ಗಂಟೆಗೆ ಸಿಸ್ಟರ್ ಬಂದು, 'ಹನ್ನೆರಡರ ಮೇಲೆ ಏನೂ ತಗೋಬೇಡಿ ಅಮ್ಮ, ನೀರೂ ಬೇಡ' ಅಂತ ಹೇಳಿ, ಮಂಚಕ್ಕೆ 'ಎನ್‌ಬಿಎಂ' ಅಂತ ಬರೆದ ರಟ್ಟು ನೇತುಹಾಕಿ ಹೋದರು. ಬಾಯಿಗೆ ಏನೂ ಕೊಡಬೇಡಿ ಎಂಬುದರ ಆಸ್ಪತ್ರೆ ಭಾಷೆ ಅದು. ಬೆಳಗ್ಗೆ ಎಂಟಕ್ಕೆ ಸರದಿ ಅಂದಿದ್ದರು. ಮಧ್ಯೆ ಒಂದು ಎಮರ್ಜೆನ್ಸಿ ಬಂತು. ಅದರ ಹಿಂದಿನ ಕೇಸು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಎಳೆಯಿತು. ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋದಾಗ ಮಧ್ಯಾಹ್ನ ಎರಡು ಗಂಟೆ. ಕೊನೆಯ ಗುಟುಕು ನೀರು ಕುಡಿದು ಹದಿನಾಲ್ಕು ಗಂಟೆ ಕಳೆದಿತ್ತು. ಆಪರೇಷನ್ ಬಗ್ಗೆ ಈಗ ಕೇಳಿದರೂ ಅವರು ಹೊಟ್ಟೆನೋವಿನ ಮಾತೆತ್ತುವುದಿಲ್ಲ. 'ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತ್ತು ಕಣೋ' ಅನ್ನುತ್ತಾರೆ.

ಅದೇ ವಾರ್ಡಿನಲ್ಲಿ, ಪಕ್ಕದ ಮಂಚದ ಅಜ್ಜಿಯದು ಬೇರೆ ಕಥೆ. ಅವರಿಗೆ ಹರ್ನಿಯಾ. ಬೆಳಗ್ಗೆ 'ಊಟ ಮಾಡಿಲ್ಲ ಅಲ್ವಾ ಅಜ್ಜಿ?' ಅಂತ ಕೇಳಿದರು. 'ಇಲ್ಲವ್ವ' ಅಂದರು. ನಿಜವೇ, ಊಟ ಮಾಡಿರಲಿಲ್ಲ. ಮಗ ಕ್ಯಾಂಟೀನಿನಿಂದ ತಂದ ಎರಡು ಇಡ್ಲಿ ತಿಂದು, ಕಾಫಿ ಕುಡಿದಿದ್ದರು ಅಷ್ಟೇ. ಓ.ಟಿ. ಬಾಗಿಲಲ್ಲಿ ಅರಿವಳಿಕೆ ಡಾಕ್ಟರು ಇನ್ನೊಮ್ಮೆ ಬೇರೆ ಥರ ಕೇಳಿದಾಗ ವಿಷಯ ಹೊರಬಿತ್ತು. ಆಪರೇಷನ್ ಮರುದಿನಕ್ಕೆ ಹೋಯಿತು. ಮಗನಿಗೆ ಚೆನ್ನಾಗಿ ಬೈಗುಳ ಬಿತ್ತು.

ಒಬ್ಬರಿಗೆ ಬೇಕಾದ್ದಕ್ಕಿಂತ ಏಳು ಪಟ್ಟು ಜಾಸ್ತಿ ಹೊತ್ತು ನೀರಿಲ್ಲ. ಇನ್ನೊಬ್ಬರ ಹೊಟ್ಟೆಯಲ್ಲಿ ತಿಂಡಿ. ಇಬ್ಬರಿಗೂ ಹೇಳಿದ್ದು ಒಂದೇ ಮಾತು. ಇದು ಆ ಒಂದು ಆಸ್ಪತ್ರೆಯ ತಪ್ಪಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ದೊಡ್ಡ ಊರು, ಸಣ್ಣ ಊರು, ಸರ್ಕಾರಿ, ಖಾಸಗಿ, ನಮ್ಮ ದೇಶ, ಅವರ ದೇಶ ಅನ್ನದೆ ಎಲ್ಲ ಕಡೆ ಇದೇ ನಡೆಯುತ್ತದೆ. ಆಪರೇಷನ್‌ಗೆ ಎರಡು ಗಂಟೆ ಮುಂಚಿನವರೆಗೂ ಬಹುಪಾಲು ಜನ ನೀರು ಕುಡಿಯಬಹುದು ಎಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಬರೆದಿಟ್ಟಿದೆ. ಅಂದರೆ ಕಾಲು ಶತಮಾನ ದಾಟಿತು. ಗೊತ್ತಿರುವ ವಿಷಯ ಮಂಚದ ತನಕ ಯಾಕೆ ಬರುವುದಿಲ್ಲ?

ಮೊದಲು, ಹೊಟ್ಟೆ ಖಾಲಿ ಯಾಕೆ ಇರಬೇಕು ಅನ್ನುವುದು. ಎಚ್ಚರ ಇರುವಾಗ ಅನ್ನನಾಳದ ಕೆಳತುದಿ ಚೀಲದ ಬಾಯಿಯಂತೆ ಬಿಗಿಯಾಗಿರುತ್ತದೆ. ಏನಾದರೂ ಮೇಲೆ ಬಂದು ಶ್ವಾಸನಾಳದ ಕಡೆ ಹೋದರೆ ನಾವು ಕೆಮ್ಮುತ್ತೇವೆ. ಪೂರ್ತಿ ಅರಿವಳಿಕೆ ಕೊಟ್ಟಾಗ ಚೀಲದ ಬಾಯಿಯೂ ಸಡಿಲ, ಕೆಮ್ಮೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಪದಾರ್ಥವಾದರೆ ಉಸಿರುಗಟ್ಟುತ್ತದೆ. ಹುಳಿ ನೀರಾದರೆ ಶ್ವಾಸಕೋಶ ಸುಡುತ್ತದೆ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ಗೂ ಉಪವಾಸ ಹೇಳುವುದು ಇದಕ್ಕೇ. ಅರ್ಧ ದಾರಿಯಲ್ಲಿ ಪೂರ್ತಿ ಮಲಗಿಸಬೇಕಾಗಿ ಬರಬಹುದು.

ಹೀಗಾಗುವುದು ಅಪರೂಪ. ಅಮೆರಿಕದ ಮೇಯೊ ಕ್ಲಿನಿಕ್ 1985ರಿಂದ 1991ರವರೆಗಿನ 2,15,488 ಅರಿವಳಿಕೆಗಳ ಲೆಕ್ಕ ತೆಗೆದಿತ್ತು. ಸುಮಾರು 3,200ಕ್ಕೆ ಒಬ್ಬರಿಗೆ ಹೀಗಾಗಿತ್ತು. ತುರ್ತು ಆಪರೇಷನ್‌ಗಳಲ್ಲಿ ಮಾತ್ರ 900ಕ್ಕೆ ಒಬ್ಬರ ಹತ್ತಿರ. ಅಪರೂಪ ಅಂತ ಹಗುರ ಮಾಡುವ ಹಾಗೂ ಇಲ್ಲ. ಬ್ರಿಟನ್‌ನಲ್ಲಿ ಅರಿವಳಿಕೆ ವೇಳೆ ಉಸಿರಾಟದ ದಾರಿಯಲ್ಲಾದ ಅವಘಡಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ಒಂದು ದೊಡ್ಡ ವರದಿ ಬಂತು. ಅಂಥ ಅವಘಡಗಳ ಸಾವುಗಳಲ್ಲಿ ಹೆಚ್ಚೂಕಡಿಮೆ ಅರ್ಧಕ್ಕೆ ಇದೇ ಕಾರಣ. ಅಜ್ಜಿಯ ಆಪರೇಷನ್ ಮುಂದೆ ಹಾಕಿದ ಡಾಕ್ಟರು ಸರಿಯಾದ್ದನ್ನೇ ಮಾಡಿದರು.

ಆದರೆ ಇಡ್ಲಿಗೆ ಹೇಳಬೇಕಾದ ಮಾತನ್ನು ನೀರಿಗೂ ಹೇಳಿದ್ದು ಯಾವಾಗ? ಇಲ್ಲಿ ಚರಿತ್ರೆ ಸ್ವಲ್ಪ ತಮಾಷೆಯಾಗಿದೆ. ಶಸ್ತ್ರಚಿಕಿತ್ಸೆಗೆ ಶುಚಿತ್ವ ಕಲಿಸಿದ ಜೋಸೆಫ್ ಲಿಸ್ಟರ್ 1883ರಲ್ಲಿ ಕ್ಲೋರೋಫಾರ್ಮ್ ಬಗ್ಗೆ ಬರೆಯುತ್ತಾ, ಹೊಟ್ಟೆಯಲ್ಲಿ ಗಟ್ಟಿ ಆಹಾರ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಕಪ್ ಟೀ ಕೊಟ್ಟರೆ ಒಳ್ಳೆಯದು ಅಂದಿದ್ದರು. ಇವತ್ತಿನ ಮಾರ್ಗಸೂಚಿಯೂ ಬಹುಮಟ್ಟಿಗೆ ಅದನ್ನೇ ಹೇಳುತ್ತದೆ. ಮಧ್ಯದಲ್ಲಿ ನಾವು ಒಂದು ಸುತ್ತು ಹೊಡೆದು ಬಂದೆವು ಅಷ್ಟೇ.

ಆ ಸುತ್ತು ಶುರುವಾದದ್ದು 1946ರಲ್ಲಿ. ನ್ಯೂಯಾರ್ಕಿನ ಹೆರಿಗೆ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್ 44,016 ಹೆರಿಗೆಗಳ ದಾಖಲೆ ನೋಡಿದರು. 66 ತಾಯಂದಿರಿಗೆ ಹೊಟ್ಟೆಯದು ಶ್ವಾಸಕೋಶಕ್ಕೆ ಹೋಗಿತ್ತು. ಇಬ್ಬರು ತೀರಿಕೊಂಡರು. ಆ ಎರಡೂ ಸಾವು ಗಟ್ಟಿ ಆಹಾರ ಸಿಕ್ಕಿಹಾಕಿಕೊಂಡು ಆದದ್ದು. ಜೊತೆಗೆ ಮೊಲಗಳ ಮೇಲೆ ಪ್ರಯೋಗ ಮಾಡಿ, ಹುಳಿ ದ್ರವ ಶ್ವಾಸಕೋಶವನ್ನು ಹೇಗೆ ಹಾಳು ಮಾಡುತ್ತದೆ ಎಂದು ತೋರಿಸಿದರು. ಒಳ್ಳೆಯ ಕೆಲಸ. ಆದರೆ ಓದಿದವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟರು. 1960ರ ದಶಕ ಬರುವ ಹೊತ್ತಿಗೆ ಪಠ್ಯಗಳಲ್ಲಿ ಊಟಕ್ಕೊಂದು ಗಡುವು, ನೀರಿಗೊಂದು ಗಡುವು ಅನ್ನುವುದು ಹೋಗಿ, ಎಲ್ಲಕ್ಕೂ ಮಧ್ಯರಾತ್ರಿ ಅನ್ನುವುದು ಬಂತು.

ಆಮೇಲೆ 1974ರಲ್ಲಿ ಒಂದು ಸಂಖ್ಯೆ ಸೇರಿಕೊಂಡಿತು. ಹೊಟ್ಟೆಯಲ್ಲಿ 25 ಮಿಲಿಲೀಟರ್‌ಗಿಂತ ಜಾಸ್ತಿ ಹುಳಿ ದ್ರವ ಇದ್ದರೆ ಅಪಾಯ ಎಂದು. ದೇಹದ ತೂಕದ ಒಂದು ಕಿಲೋಗೆ 0.4 ಮಿಲಿಲೀಟರ್ ಎಂಬ ಲೆಕ್ಕದಿಂದ ಬಂದದ್ದು ಅದು. ಆ ಲೆಕ್ಕದ ಹಿಂದೆ ಇದ್ದದ್ದು ಒಂದು ಕೋತಿ. ಒಂದೇ ಒಂದು. ಅದೂ ದ್ರವವನ್ನು ನೇರ ಶ್ವಾಸಕೋಶದ ಕೊಳವೆಗೆ ಬಿಟ್ಟು ನೋಡಿದ್ದು. ಹೊಟ್ಟೆಯಲ್ಲಿ ಇರುವುದೆಲ್ಲ ಒಂದು ಹನಿ ಬಿಡದೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಭಾವಿಸಿದ ಹಾಗಾಯಿತು. ರಾತ್ರಿಯಿಡೀ ಏನೂ ಮುಟ್ಟದವರ ಹೊಟ್ಟೆಯಲ್ಲೂ ಅದಕ್ಕಿಂತ ಜಾಸ್ತಿ ಇರುವುದು ಸಾಮಾನ್ಯ. ಜಠರ ತಾನೇ ರಸ ಸುರಿಸುತ್ತಿರುತ್ತದೆ, ಅದಕ್ಕೆ ರಜೆ ಇಲ್ಲ.

ಕೆನಡಾದ ಕ್ಯಾಲ್ಗರಿಯಲ್ಲಿ ರೋಜರ್ ಮಾಲ್ಟ್‌ಬಿ ಮತ್ತು ಜೊತೆಗಾರರು 1986ರಲ್ಲಿ ಸರಳವಾದದ್ದೊಂದನ್ನು ಮಾಡಿದರು. ಆಪರೇಷನ್‌ಗೆ ಎರಡು-ಮೂರು ಗಂಟೆ ಮೊದಲು ಕೆಲವರಿಗೆ 150 ಮಿಲಿಲೀಟರ್ ನೀರು ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಮಲಗಿಸಿದ ಮೇಲೆ ಹೊಟ್ಟೆಯಲ್ಲಿ ಇರುವುದನ್ನು ಹೀರಿ ಅಳೆದರು. ನೀರು ಕುಡಿದವರ ಹೊಟ್ಟೆಯಲ್ಲಿ ಜಾಸ್ತಿಯೇನೂ ಇರಲಿಲ್ಲ. ಇದೇ ಥರದ ಪ್ರಯೋಗಗಳು ಸಾಲಾಗಿ ಬಂದವು. 2003ರಲ್ಲಿ ಕಾಕ್ರೇನ್ ಸಂಸ್ಥೆಯವರು ದೊಡ್ಡವರ ಮೇಲೆ ನಡೆದ 22 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ, ನೀರು ಬಿಡಿಸಿದ್ದರಿಂದ ಅಪಾಯ ಕಡಿಮೆಯಾಯಿತು ಅನ್ನಲು ಆಧಾರ ಸಿಗಲಿಲ್ಲ.

ಕಾರಣ ಹೊಟ್ಟೆಯ ಕೆಲಸದಲ್ಲಿದೆ. ತಿಳಿನೀರು ಜಠರದಲ್ಲಿ ನಿಲ್ಲುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಹತ್ತಿಪ್ಪತ್ತು ನಿಮಿಷದಲ್ಲಿ ಕೆಳಗೆ ಇಳಿದಿರುತ್ತದೆ. ಗಟ್ಟಿ ಆಹಾರ ಹಾಗಲ್ಲ. ಮೊದಲು ಅದನ್ನು ಅರೆಯಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಎಣ್ಣೆ, ತುಪ್ಪ, ಮಾಂಸ ಇದ್ದರೆ ಇನ್ನೂ ನಿಧಾನ. ಹಾಲು ನೋಡಲು ನೀರಿನಂತಿದ್ದರೂ ಜಠರದ ಹುಳಿಗೆ ಒಡೆದು ಗಟ್ಟಿಯಾಗುತ್ತದೆ. ಹಾಗಾಗಿ ಅದಕ್ಕೆ ಊಟದ ಲೆಕ್ಕ. ತಿಳಿಯಾದ ದ್ರವಕ್ಕೆ ಎರಡು ಗಂಟೆ, ತಾಯಿಹಾಲಿಗೆ ನಾಲ್ಕು, ಹಸುವಿನ ಹಾಲಿಗೆ ಮತ್ತು ಹಗುರ ತಿಂಡಿಗೆ ಆರು, ಕರಿದದ್ದು-ಮಾಂಸ-ಕೊಬ್ಬು ಇದ್ದರೆ ಎಂಟು ಅಥವಾ ಇನ್ನೂ ಜಾಸ್ತಿ. ಅಮೆರಿಕದ ಸೂತ್ರ ಇದು. ಭಾರತದ ಅರಿವಳಿಕೆ ತಜ್ಞರ ಸಂಘವೂ 2020ರಲ್ಲಿ ದೊಡ್ಡವರಿಗಾಗಿ ತನ್ನದೇ ಮಾರ್ಗಸೂಚಿ ತಂದಿದೆ. ಅದರಲ್ಲೂ ತಿಳಿ ದ್ರವಕ್ಕೆ ಎರಡೇ ಗಂಟೆ. ಯುರೋಪಿನವರು ಮಕ್ಕಳಿಗೆ ಅದನ್ನು ಒಂದೇ ಗಂಟೆಗೆ ಇಳಿಸಿದ್ದಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ತಾವೇ ನೀರು ಕುಡಿದು ಓ.ಟಿ.ಗೆ ಹೋಗಬೇಡಿ. ಕರುಳು ಕಟ್ಟಿಕೊಂಡವರು, ಹೆರಿಗೆ ನೋವಿನಲ್ಲಿ ಇರುವವರು, ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಜಠರ ನಿಧಾನವಾದವರು, ತುರ್ತು ಕೇಸಿನವರು, ಇವರಿಗೆಲ್ಲ ಲೆಕ್ಕ ಬೇರೆ. ನಿಮ್ಮ ಗಡುವು ಹೇಳಬೇಕಾದವರು ನಿಮ್ಮ ಅರಿವಳಿಕೆ ಡಾಕ್ಟರು. ಕೇಳುವುದು ಮಾತ್ರ ನಿಮ್ಮ ಹಕ್ಕು.

ಈಗ ಅಜ್ಜಿಯ ಇಡ್ಲಿಗೆ ಬರೋಣ. ಈ ಭಾಗ ನನಗೆ ಹೆಚ್ಚು ಕುತೂಹಲದ್ದು. ಯಾಕೆಂದರೆ ಇದು ಡಾಕ್ಟರಿಕೆಗಿಂತ ಭಾಷೆಯ ವಿಷಯ.

ಕನ್ನಡದಲ್ಲಿ 'ಊಟ' ಅಂದರೆ ತಿಂದದ್ದೆಲ್ಲ ಅಲ್ಲ. ಅನ್ನ, ಮುದ್ದೆ, ರೊಟ್ಟಿ ಇದ್ದರೆ ಊಟ. ಇಡ್ಲಿ, ದೋಸೆ, ಉಪ್ಪಿಟ್ಟು ತಿಂಡಿ. ಕಾಫಿ ಎರಡೂ ಅಲ್ಲ, ಅದು ಲೆಕ್ಕಕ್ಕೇ ಇಲ್ಲ. ಬಾಳೆಹಣ್ಣಂತೂ ಸುಮ್ನೆ ಬಾಯಾಡಿಸಲಿಕ್ಕೆ. 'ಊಟ ಮಾಡಿಲ್ಲ ಅಲ್ವಾ?' ಅಂತ ಕೇಳಿದರೆ, ನಾಲ್ಕು ಇಡ್ಲಿ ತಿಂದವರೂ ಸತ್ಯವಾಗಿಯೇ 'ಇಲ್ಲ' ಅನ್ನಬಹುದು. 'ಉಪವಾಸ ಇರಿ' ಅಂದರೆ ಇನ್ನೂ ಕಷ್ಟ. ಏಕಾದಶಿ ಮಾಡುವ ಮನೆಗಳಲ್ಲಿ ಉಪವಾಸ ಅಂದರೆ ಅನ್ನ ಬಿಡುವುದು. ಹಣ್ಣು, ಹಾಲು, ಎಷ್ಟೋ ಮನೆಗಳಲ್ಲಿ ಅವಲಕ್ಕಿ, ಉಪ್ಪಿಟ್ಟು ಕೂಡ ಫಲಾಹಾರದಲ್ಲಿ ಬರುತ್ತವೆ. ಆಪರೇಷನ್ ದಿನ ದೇವರ ಮೇಲೆ ಭಾರ ಹಾಕಿ ಶ್ರದ್ಧೆಯಿಂದ ಉಪವಾಸ ಮಾಡಿ, ಒಂದು ಲೋಟ ಬಿಸಿ ಹಾಲು ಕುಡಿದು ಬಂದರೆ ಅವರನ್ನು ಬೈಯುವುದು ಹೇಗೆ? ರಂಜಾನ್ ಉಪವಾಸ ಗೊತ್ತಿರುವವರಿಗೆ ಇದರ ಅರ್ಥ ಬೇರೆ, ಅಲ್ಲಿ ನೀರೂ ಇಲ್ಲ. ಒಂದೇ ವಾರ್ಡು, ಒಂದೇ ಪದ, ಮೂರು ಅರ್ಥ.

ಆಹಾರ ಸಂಶೋಧಕರಿಗೆ ಈ ತಲೆನೋವು ಹಳೆಯದು. ಜನ ಏನು ತಿನ್ನುತ್ತಾರೆ ಎಂದು ತಿಳಿಯಲು ಅವರು ಬಳಸುವ ಮುಖ್ಯ ದಾರಿ, ಕಳೆದ 24 ಗಂಟೆಯಲ್ಲಿ ತಿಂದದ್ದನ್ನು ನೆನಪಿಸಿ ಹೇಳಿಸುವುದು. ಇನ್ನೊಂದು, ಯಾವ ಯಾವ ತಿನಿಸನ್ನು ವಾರಕ್ಕೆ, ತಿಂಗಳಿಗೆ ಎಷ್ಟು ಸಲ ತಿನ್ನುತ್ತೀರಿ ಎಂದು ಉದ್ದ ಪಟ್ಟಿ ಹಿಡಿದು ಕೇಳುವುದು. ಎರಡರಲ್ಲೂ ಜನ ಕಡಿಮೆ ಹೇಳುತ್ತಾರೆ. ಎಷ್ಟು ಕಡಿಮೆ ಅನ್ನುವುದಕ್ಕೆ ಅಮೆರಿಕದ ಒಂದು ಅಧ್ಯಯನ ಪ್ರಸಿದ್ಧ. 1992ರಲ್ಲಿ, 'ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ' ಅನ್ನುತ್ತಿದ್ದ ಸ್ಥೂಲಕಾಯದವರನ್ನು ಪರೀಕ್ಷಿಸಿದರು. ದೇಹ ನಿಜವಾಗಿ ಖರ್ಚು ಮಾಡುವ ಶಕ್ತಿಯನ್ನು ವಿಶೇಷ ಐಸೋಟೋಪ್ ಇರುವ ನೀರು ಕುಡಿಸಿ ಅಳೆಯುವ ವಿಧಾನ ಇದೆ. ಅದಕ್ಕೆ ಹೋಲಿಸಿದಾಗ ಅವರು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಡುವೆ ಬಾಯಿಗೆ ಹಾಕಿಕೊಂಡದ್ದು ತಿಂದದ್ದು ಅಂತ ಅವರಿಗೇ ಅನ್ನಿಸಿರಲಿಕ್ಕಿಲ್ಲ. ನಮ್ಮಲ್ಲೂ ಹುರಿದು ಪಕ್ಕಕ್ಕಿಟ್ಟ ಕಡಲೆಕಾಯಿ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಅದಕ್ಕೆ ಅಮೆರಿಕದ ಕೃಷಿ ಇಲಾಖೆಯವರು ಒಂದೇ ಪ್ರಶ್ನೆ ಕೇಳುವುದನ್ನು ಬಿಟ್ಟು ಐದು ಸುತ್ತು ಮಾಡಿದರು. ಮೊದಲು ನೆನಪಿಗೆ ಬಂದದ್ದನ್ನೆಲ್ಲ ಹೇಳಲಿ, ತಡೆಯಬೇಡಿ. ಆಮೇಲೆ ಜನ ಮರೆಯುವ ವಸ್ತುಗಳ ಹೆಸರು ಹಿಡಿದು ಕೇಳಿ. ಕಾಫಿ-ಟೀ, ಬಿಸ್ಕತ್ತು, ಹಣ್ಣು, ಕುರುಕಲು. ನಂತರ ಯಾವ ಹೊತ್ತಿಗೆ, ಎಷ್ಟು, ಹೇಗೆ ಮಾಡಿದ್ದು. ಕೊನೆಗೆ ಇನ್ನೊಮ್ಮೆ, 'ಮತ್ತೇನಾದರೂ?' ಓ.ಟಿ. ಬಾಗಿಲಲ್ಲಿ ಅಜ್ಜಿಯಿಂದ ಸತ್ಯ ಹೊರಡಿಸಿದ ಡಾಕ್ಟರು ಮಾಡಿದ್ದೂ ಹೆಚ್ಚೂಕಡಿಮೆ ಇದನ್ನೇ. ಅವರು ಊಟದ ಮಾತೇ ಎತ್ತಲಿಲ್ಲ. 'ಬೆಳಗ್ಗೆ ಎದ್ದ ಮೇಲೆ ಬಾಯಿಗೆ ಏನೇನು ಹೋಯ್ತು ಅಜ್ಜಿ? ಕಾಫಿ? ಮಾತ್ರೆ? ಎಲೆ-ಅಡಿಕೆ?' ಅಂದರು. ಕಾಫಿ ಅನ್ನುವಷ್ಟರಲ್ಲಿ ಇಡ್ಲಿಯೂ ಬಂತು.

ನಮ್ಮ ದೇಶದಲ್ಲೂ ಈ ವಿದ್ಯೆ ಇಲ್ಲದೆ ಇಲ್ಲ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ಕಾಯಿಲೆಯ ಶೋಧಕ್ಕೆಂದು ಶುರು ಮಾಡಿದ ಸಣ್ಣ ಪ್ರಯೋಗಾಲಯವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. 1972ರಿಂದ ಅದರ ಸಮೀಕ್ಷೆಯವರು ಹಲವು ರಾಜ್ಯಗಳ ಹಳ್ಳಿಗಳಿಗೆ ಅಳತೆಯ ಬಟ್ಟಲುಗಳನ್ನು ಹೊತ್ತುಕೊಂಡು ಹೋಗಿ, 'ನಿನ್ನೆ ಸಾರು ಇದರಲ್ಲಿ ಎಷ್ಟಾಯಿತು ತಾಯಿ?' ಅಂತ ಕೇಳಿ ಬರೆದುಕೊಂಡರು. ಅದೇ ಸಂಸ್ಥೆ 2017ರಲ್ಲಿ ತಂದ ಪಟ್ಟಿಯಲ್ಲಿ 528 ಭಾರತೀಯ ಆಹಾರಗಳ ಒಳಗೇನಿದೆ ಎಂಬ ಲೆಕ್ಕ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಒಂದು ಅಂತರರಾಷ್ಟ್ರೀಯ ಹೃದ್ರೋಗ ಅಧ್ಯಯನಕ್ಕಾಗಿ ದಕ್ಷಿಣ ಭಾರತದ ಊಟಕ್ಕೆ ಹೊಂದುವ ಪ್ರಶ್ನಾವಳಿ ಮಾಡುವಾಗ ಪಟ್ಟಣಕ್ಕೊಂದು, ಹಳ್ಳಿಗೊಂದು ಬೇರೆ ಬೇರೆ ಮಾಡಬೇಕಾಯಿತು. ಯಾರೋ ಬೇರೆ ದೇಶದ ತಟ್ಟೆ ನೋಡಿ ಬರೆದ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆದರೆ ಈ ತಿಳಿವಳಿಕೆ ಸಮುದಾಯ ಆರೋಗ್ಯದ ಕಡೆ ಉಳಿದುಕೊಂಡಿತು. ಆಪರೇಷನ್ ಥಿಯೇಟರಿನ ಕಡೆ ತಿರುಗಲಿಲ್ಲ. ಅಮೆರಿಕದ ಮಾರ್ಗಸೂಚಿ ಹಗುರ ತಿಂಡಿ ಅಂದರೆ ಟೋಸ್ಟು ಮತ್ತು ತಿಳಿ ದ್ರವ ಎಂದು ಉದಾಹರಣೆ ಕೊಡುತ್ತದೆ. ನಮ್ಮ ವಾರ್ಡಿನಲ್ಲಿ ಟೋಸ್ಟು ಯಾರು ತಿನ್ನುತ್ತಾರೆ? ಇಡ್ಲಿ ಹಗುರ ಅಂತ ಇಟ್ಟುಕೊಂಡರೂ ಜೊತೆಗಿರುವ ಕಾಯಿ ಚಟ್ನಿ? ರಾಗಿ ಅಂಬಲಿ ಕುಡಿಯುವಂಥದ್ದೇ, ಹಾಗಂತ ತಿಳಿ ದ್ರವ ಅಲ್ಲ. ಗಂಜಿಯೂ ಅಲ್ಲ. ನೀರುಮಜ್ಜಿಗೆ ಎಷ್ಟೇ ನೀರಾಗಿದ್ದರೂ ಅಲ್ಲ. ಲೋಟದ ಆಚೆ ಹಿಡಿದ ಪೇಪರಿನ ಅಕ್ಷರ ಓದಲು ಬಂದರೆ ಮಾತ್ರ ತಿಳಿ ದ್ರವ ಅನ್ನುವುದು ಒಂದು ಸುಲಭದ ಗುರುತು. ನೀರು, ಸೋಸಿದ ಸೇಬಿನ ರಸ, ಹಾಲು ಹಾಕದ ಟೀ ಅಥವಾ ಕಾಫಿ. ಒಳಗಿನ ತಿರುಳು ಬೀಳದಂತೆ ಸೋಸಿದರೆ ಎಳನೀರೂ ಆದೀತು. ಹಾಲಿನ ಕಾಫಿ ಮಾತ್ರ ದೊಡ್ಡ ಜಗಳ. 2011ರ ಯುರೋಪಿನ ಮಾರ್ಗಸೂಚಿ ಬರೆದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ, ಐದರಲ್ಲಿ ಒಂದು ಪಾಲಿನಷ್ಟು ಹಾಲು ಇದ್ದರೆ ಪರವಾಗಿಲ್ಲ ಅಂದರು. ಅಮೆರಿಕದವರು ಒಪ್ಪುವುದಿಲ್ಲ. ನಮ್ಮ ಫಿಲ್ಟರ್ ಕಾಫಿಯಲ್ಲಂತೂ ಹಾಲೇ ಮುಕ್ಕಾಲು ಪಾಲು. ಯುರೋಪಿನ ಲೆಕ್ಕದಲ್ಲೂ ಅದು ಫೇಲ್.

ಹಾಗಾದರೆ ಡಾಕ್ಟರಿಗೆ ಗೊತ್ತು, ಪುಸ್ತಕದಲ್ಲಿದೆ, ಸಂಘದ ಮಾರ್ಗಸೂಚಿ ಇದೆ. ಚಿಕ್ಕಮ್ಮನಿಗೆ ನೀರು ಯಾಕೆ ಸಿಗಲಿಲ್ಲ? ಸಿಸ್ಟರ್ ಮೇಲೆ ಹಾಕುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ.

ಅರಿವಳಿಕೆ ಡಾಕ್ಟರು ಹಿಂದಿನ ದಿನ ನೋಡಿ ಹೋಗುತ್ತಾರೆ. ಅವರು ಹೇಳಿದ್ದನ್ನು ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ಅದನ್ನು ಸಂಜೆಯ ಸಿಸ್ಟರ್ ಓದಿ ರಾತ್ರಿಯವರಿಗೆ ಹೇಳುತ್ತಾರೆ. ಆ ಸಿಸ್ಟರ್ ಕೇರಳದವರಿರಬಹುದು, ಕನ್ನಡ ಕಲಿಯುತ್ತಿರಬಹುದು. ಅವರು ರೋಗಿಗೆ, ಅಥವಾ ರೋಗಿ ನಿದ್ದೆಯಲ್ಲಿದ್ದರೆ ಜೊತೆಗಿರುವವರಿಗೆ ಹೇಳುತ್ತಾರೆ. ಬೆಳಗ್ಗೆ ಆ ಜಾಗದಲ್ಲಿ ಬೇರೆ ಮಗನೋ ಸೊಸೆಯೋ ಬಂದು ಕೂತಿರುತ್ತಾರೆ. ಇಷ್ಟು ಬಾಯಿ ದಾಟಿ ಬರುವಾಗ 'ನಿಮ್ಮ ಆಪರೇಷನ್ ಹೊತ್ತಿಗೆ ಎರಡು ಗಂಟೆ ಮೊದಲಿನವರೆಗೆ ತಿಳಿ ದ್ರವ, ಆರು ಗಂಟೆ ಮೊದಲಿನವರೆಗೆ ಹಗುರ ತಿಂಡಿ' ಎಂಬ ವಾಕ್ಯ ಪೂರ್ತಿಯಾಗಿ ತಲುಪುತ್ತದೆಯೇ? ಅದರಲ್ಲೂ ಆಪರೇಷನ್ ಎಷ್ಟು ಹೊತ್ತಿಗೆ ಅನ್ನುವುದೇ ಯಾರಿಗೂ ಖಚಿತ ಇಲ್ಲದಾಗ? 'ಹನ್ನೆರಡರ ಮೇಲೆ ನೀರೂ ಬೇಡ' ಮಾತ್ರ ಒಂದು ಅಕ್ಷರ ಕಳೆದುಕೊಳ್ಳದೆ ತಲುಪುತ್ತದೆ.

ಹಾಗಾಗಿ ಈ ಮಾತನ್ನು ಬರೀ ಅಜ್ಞಾನ ಅಂತ ತಳ್ಳಿಹಾಕುವುದು ತಪ್ಪು ಅಂತ ನನಗೆ ಅನ್ನಿಸುತ್ತದೆ. ದೊಡ್ಡ ಸಂಸ್ಥೆಯೊಂದು ತನಗೆ ಗೊತ್ತಿರುವುದನ್ನು ಸಾಗಿಸಲು ಕಂಡುಕೊಂಡ ಉಪಾಯ ಇದು. ವಿಜ್ಞಾನವಾಗಿ ಕೆಟ್ಟದ್ದು, ಸಾಗಾಣಿಕೆಗೆ ಗಟ್ಟಿ. ಪಟ್ಟಿ ಹಿಂದೆಮುಂದೆ ಆದರೂ ಸರ್ಜನ್‌ಗೆ ತೊಂದರೆಯಿಲ್ಲ, ಎಲ್ಲರೂ ಹೊಟ್ಟೆ ಖಾಲಿಯಿಟ್ಟುಕೊಂಡು ತಯಾರಾಗಿ ಕೂತಿರುತ್ತಾರೆ. ಬೈಗುಳದ ಲೆಕ್ಕವೂ ಒಂದೇ ಕಡೆಗೆ ವಾಲುತ್ತದೆ. ನೀರು ಕೊಟ್ಟು ಕೇಸು ಮುಂದೆ ಹೋದರೆ ಸಿಸ್ಟರನ್ನು ಕರೆದು ಕೇಳುತ್ತಾರೆ. ಹದಿನಾಲ್ಕು ಗಂಟೆ ಬಾಯಾರಿಸಿದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಅದರ ಬೆಲೆ ರೋಗಿಯ ಮೈಯಲ್ಲಿ ಹಂಚಿಹೋಗುತ್ತದೆ. ತಲೆನೋವು, ಸಿಗದ ರಕ್ತನಾಳ, ಮಲಗಿಸಿದ ಕೂಡಲೇ ಇಳಿಯುವ ಬಿ.ಪಿ. ಸಣ್ಣ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ.

ವೈದ್ಯಕೀಯ ಸಂಶೋಧನೆಯಲ್ಲಿ ಸಿಕ್ಕದ್ದರಲ್ಲಿ ಸುಮಾರು 14 ಶೇಕಡಾ ಮಾತ್ರ ರೋಗಿಯ ಮಂಚ ತಲುಪುತ್ತದೆ, ಅದಕ್ಕೂ 17 ವರ್ಷ ಬೇಕು ಎಂಬ ಅಂದಾಜೊಂದು 2000ದಲ್ಲಿ ಬಂದಿತ್ತು. ಆ ಸಂಖ್ಯೆಯನ್ನು ಎಲ್ಲರೂ ಎಲ್ಲ ಕಡೆ ಹೇಳುತ್ತಾರೆ. ಆಸ್ಪತ್ರೆಗಳ ಸಾಮಾನ್ಯ ಉತ್ತರ ಏನೆಂದರೆ ಇನ್ನೊಂದು ಟ್ರೈನಿಂಗ್, ಇನ್ನೊಂದು ಸುತ್ತೋಲೆ, ಗೋಡೆಗೆ ಇನ್ನೊಂದು ಚಾರ್ಟು. ಗೊತ್ತಿಲ್ಲದವರಿಗೆ ಹೇಳಿಕೊಟ್ಟರೆ ಆಯಿತು ಅನ್ನುವ ನಂಬಿಕೆ. ಇಲ್ಲಿ ಎಲ್ಲರಿಗೂ ಗೊತ್ತಿದೆ, ಅದೇ ತೊಡಕು.

ಪಟ್ಟಿ ಮಾಡಿ ಟಿಕ್ ಹಾಕಿಸುವುದು ಇನ್ನೊಂದು ದಾರಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯಲ್ಲಿ, ಮಲಗಿಸುವ ಮುನ್ನ ಹೊಟ್ಟೆಯದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆಯೇ ಎಂಬ ಪ್ರಶ್ನೆಯೂ ಇದೆ. ದೆಹಲಿ ಸೇರಿದಂತೆ ಎಂಟು ನಗರಗಳಲ್ಲಿ ಬಳಸಿ ನೋಡಿದಾಗ ಸಾವು 1.5 ಶೇಕಡಾದಿಂದ 0.8ಕ್ಕೆ ಇಳಿಯಿತು. ಎಲ್ಲರೂ ಕುಣಿದಾಡಿದರು. ಆಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಅದನ್ನು ಕಡ್ಡಾಯ ಮಾಡಿತು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂದಾಗ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅದೇ ಕಾಗದ, ಅದೇ ಪ್ರಶ್ನೆ. ಮನಸ್ಸಿಟ್ಟು ಕೇಳುವುದು ಬೇರೆ, ಟಿಕ್ ಹಾಕುವುದು ಬೇರೆ. ಇನ್ನೊಂದು ವಿಷಯ: ಆ ಪಟ್ಟಿ ಹೊಟ್ಟೆ ತುಂಬಿದ ಅಜ್ಜಿಯನ್ನು ಹಿಡಿಯಬಲ್ಲದು. ಬಾಯಾರಿದ ಚಿಕ್ಕಮ್ಮನನ್ನು ಹಿಡಿಯುವ ಪ್ರಶ್ನೆ ಅದರಲ್ಲಿ ಇಲ್ಲ.

ಕೆಲಸ ಮಾಡಿದ್ದು ಬೇರೆ ಥರದ ಉಪಾಯ. ಬರ್ಲಿನ್ನಿನ ಒಂದು ಆಸ್ಪತ್ರೆಯಲ್ಲಿ ಆನ್ನೆ ರೂಗೆಬೆರ್ಗ್ ಎಂಬ ಅರಿವಳಿಕೆ ತಜ್ಞೆ ಮತ್ತು ಅವರ ತಂಡ ಉಪವಾಸದ ಚೀಟಿಗಳನ್ನು ಮಾಡಿದರು. ಈ ರೋಗಿ ಓ.ಟಿ.ಗೆ ಕರೆ ಬರುವವರೆಗೂ ನೀರು ಕುಡಿಯಬಹುದು, ಅಥವಾ ಕುಡಿಯಬಾರದು ಎಂದು ಮಂಚದ ಹತ್ತಿರವೇ ಕಾಣುವ ಹಾಗೆ ಇಟ್ಟರು. ಅಲ್ಲಿ ನೀರಿಲ್ಲದೆ ಇರುವ ಹೊತ್ತು ಸುಮಾರು 12 ಗಂಟೆಯಿಂದ ಸುಮಾರು 2ಕ್ಕೆ ಇಳಿಯಿತು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಇನ್ನೂ ಸಲೀಸು. ಕರೆ ಬರುವವರೆಗೂ ಗುಟುಕು ಗುಟುಕಾಗಿ ಗಂಟೆಗೆ ಒಂದು ಸಣ್ಣ ಲೋಟದಷ್ಟು ನೀರು, ಅಷ್ಟೇ ಸೂಚನೆ. ಸ್ವೀಡನ್ನಿನ ಉಪ್ಸಾಲಾದ ಮಕ್ಕಳ ವಿಭಾಗ ಇದನ್ನು ಬಹಳ ಹಿಂದೆಯೇ ಶುರು ಮಾಡಿತ್ತು. ಅವರು 10,015 ಮಕ್ಕಳ ದಾಖಲೆ ತೆಗೆದು 2015ರಲ್ಲಿ ಪ್ರಕಟಿಸಿದರು. ಹೊಟ್ಟೆಯದು ಶ್ವಾಸಕೋಶಕ್ಕೆ ಹೋದದ್ದು ಮೂವರಿಗೆ. ಸಾವು ಒಂದೂ ಇಲ್ಲ.

ಇವರು ಮಾಡಿದ್ದೇನು ಗಮನಿಸಿ. ಗಡಿಯಾರದ ಲೆಕ್ಕವನ್ನೇ ತೆಗೆದುಬಿಟ್ಟರು. ಎರಡು ಗಂಟೆ ಮೊದಲು ಅನ್ನಬೇಕಾದರೆ ಆಪರೇಷನ್ ಎಷ್ಟು ಹೊತ್ತಿಗೆ ಅಂತ ಗೊತ್ತಿರಬೇಕು. 'ಕರೆಯುವವರೆಗೆ' ಅನ್ನುವುದಕ್ಕೆ ಏನೂ ಗೊತ್ತಿರಬೇಕಾಗಿಲ್ಲ. ಅದು 'ಹನ್ನೆರಡರ ಮೇಲೆ ಬೇಡ' ಅನ್ನುವಷ್ಟೇ ಚಿಕ್ಕದು. ಐದು ಬಾಯಿ ದಾಟಿದರೂ ಕೆಡುವುದಿಲ್ಲ. ಹಳೆಯ ಮಾತನ್ನು ಸೋಲಿಸಲು ಅಷ್ಟೇ ಸುಲಭದ ಹೊಸ ಮಾತು ಬೇಕಿತ್ತು. ನಮ್ಮಲ್ಲಿ ಇದನ್ನು ಹಾಗೇ ತಂದು ಹಚ್ಚಲು ಆಗುತ್ತದೆಯೇ? ಅವರ ವಾರ್ಡಿನಲ್ಲಿ ನೀರು ಕೊಡುವವರು ಸಿಸ್ಟರ್. ನಮ್ಮಲ್ಲಿ ಕೊಡುವವರು ಮನೆಯವರು. ನೀರು ಕೊಡಬಹುದು ಅಂದರೆ ಪ್ರೀತಿಯ ಮಗ ಹಾರ್ಲಿಕ್ಸ್ ಕಲಸಿ ತರುತ್ತಾನೆ. ಹಾಗಾಗಿ ಚೀಟಿಯಲ್ಲಿ ಬರಹದ ಜೊತೆ ಚಿತ್ರ ಬೇಕು, ಕನ್ನಡ ಬೇಕು, ಹಾಲಿನ ಲೋಟಕ್ಕೆ ಕಾಟು ಹೊಡೆದಿರಬೇಕು, ಇಡ್ಲಿಗೂ. ಮತ್ತು ಅದು ಸಿಸ್ಟರಿಗಿಂತ ಜಾಸ್ತಿ ಮಗನಿಗೆ ಕಾಣಬೇಕು.

ಇದೆಲ್ಲ ಬಗೆಹರಿಯುವ ಮುಂಚೆಯೇ ಹೊಸದೊಂದು ಗಂಟು ಬಿದ್ದಿದೆ. ತೂಕ ಇಳಿಸುವ, ಸಕ್ಕರೆ ಕಾಯಿಲೆಯ ಹೊಸ ಇಂಜೆಕ್ಷನ್‌ಗಳು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಗುಂಪಿನವು. 2025ರಲ್ಲಿ ಮೌಂಜಾರೊ, ವೆಗೋವಿ ಹೆಸರಿನಲ್ಲಿ ಭಾರತಕ್ಕೂ ಬಂದವು. ಹಸಿವು ಕಡಿಮೆ ಮಾಡುವುದರ ಜೊತೆಗೆ ಇವು ಜಠರವನ್ನೂ ನಿಧಾನ ಮಾಡುತ್ತವೆ. ಎಂಟು ಗಂಟೆ ಕಳೆದರೂ ತಿಂದದ್ದು ಕೆಲವರ ಹೊಟ್ಟೆಯಲ್ಲೇ ಇರಬಹುದು. 2023ರ ಜೂನ್‌ನಲ್ಲಿ ಅಮೆರಿಕದ ಸಂಘ, ವಾರಕ್ಕೊಮ್ಮೆ ತೆಗೆದುಕೊಳ್ಳುವವರು ಒಂದು ವಾರ ಮೊದಲು ನಿಲ್ಲಿಸಿ ಅಂದಿತು. 2024ರ ಅಕ್ಟೋಬರ್‌ನಲ್ಲಿ ಹಲವು ಸಂಘಗಳು ಸೇರಿ, ಬಹುಪಾಲು ಜನ ನಿಲ್ಲಿಸಬೇಕಾಗಿಲ್ಲ, ಅಪಾಯ ಜಾಸ್ತಿ ಇರುವವರು ಹಿಂದಿನ 24 ಗಂಟೆ ದ್ರವಾಹಾರದಲ್ಲಿ ಇರಲಿ ಅಂದವು. ಒಂದೂವರೆ ವರ್ಷದೊಳಗೆ ಸಲಹೆ ಬದಲಾಯಿತು. ಮೊದಲಿನದನ್ನೇ ಇನ್ನೂ ತಲುಪಿಸಲಾಗದ ವಾರ್ಡಿಗೆ ಇದು ಎಂದು ತಲುಪೀತು?

ಇಲ್ಲಿಯೂ ತೊಡಕು ಪ್ರಶ್ನೆಯಲ್ಲಿದೆ. 'ಶುಗರ್ ಮಾತ್ರೆ ತಗೋತೀರಾ?' ಅಂದರೆ ತೂಕಕ್ಕೆ ಇಂಜೆಕ್ಷನ್ ಚುಚ್ಚಿಕೊಳ್ಳುವವರು 'ಇಲ್ಲ' ಅನ್ನುತ್ತಾರೆ. ಅದು ಮಾತ್ರೆಯೂ ಅಲ್ಲ, ಅವರಿಗೆ ಶುಗರ್ರೂ ಇಲ್ಲ. ಮನೆಯವರ ಎದುರು ಹೇಳಿಕೊಳ್ಳಲು ಸಂಕೋಚವೂ ಇರಬಹುದು. ಅನುಮಾನ ಬಂದರೆ ಡಾಕ್ಟರ ಕೈಯಲ್ಲಿ ಒಂದು ಉಪಾಯ ಇದೆ. ಟೊರಾಂಟೋದ ಅನಾಹಿ ಪೆರ್ಲಾಸ್ ಮತ್ತು ಜೊತೆಗಾರರು ಬೆಳೆಸಿದ ವಿಧಾನ. ಬಲಮಗ್ಗುಲಿಗೆ ತಿರುಗಿಸಿ ಮಲಗಿಸಿ, ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಜಠರದ ಕೆಳಭಾಗ ನೋಡುವುದು. ಗಟ್ಟಿ ಇದೆಯೋ, ದ್ರವ ಇದೆಯೋ, ಎಷ್ಟಿದೆ ಎಂದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮೆಷಿನ್ನಿಗೆ ಊಟಕ್ಕೂ ತಿಂಡಿಗೂ ವ್ಯತ್ಯಾಸ ಇಲ್ಲ. ಆದರೆ ಎಲ್ಲರಿಗೂ ಮಾಡಲು ಕೈ ಸಾಲದು. ಯಾರಿಗೆ ಮಾಡಬೇಕು ಅನ್ನುವುದಕ್ಕೆ ಮತ್ತೆ ಕೇಳಲೇಬೇಕು.

ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ. ಇನ್ಶೂರೆನ್ಸ್ ಕೆಲಸಕ್ಕೆಂದು ಅವರ ದಾಖಲೆಗಳ ನಕಲು ತರಿಸಿದ್ದೆ. ಕೂತು ಓದಿದೆ. ಯಾವ ಔಷಧ ಎಷ್ಟು ಮಿಲಿಗ್ರಾಂ, ಡ್ರಿಪ್ಸ್ ಎಷ್ಟು ಬಾಟಲಿ, ಐದು ಐದು ನಿಮಿಷಕ್ಕೆ ಬಿ.ಪಿ. ಎಷ್ಟು, ಎಲ್ಲ ಇತ್ತು. ಉಪವಾಸದ್ದೂ ಒಂದು ಕಡೆ ಇತ್ತು. ಸಣ್ಣ ಚೌಕದೊಳಗೆ ಎನ್‌ಬಿಎಂ ಅಂತ ಅಚ್ಚಾಗಿ, ಪಕ್ಕದಲ್ಲಿ ಒಂದು ಟಿಕ್. ಎಷ್ಟು ಗಂಟೆಯಿಂದ ಅಂತ ಬರೆಯಲು ಅಲ್ಲಿ ಜಾಗ ಇರಲಿಲ್ಲ.